ಕಡ್ಡಿ ತುಂಬಿದೆ, ಸಂಪರ್ಕ ನಿಲ್ಲುತ್ತಿಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸಿಮ್ ಹಾಕಿ ಹಾರಿಸುವ ಡ್ರೋನ್

ಪ್ರಶ್ನೆ: ಗದ್ದೆ ಬದುವಿನ ಮೇಲೆ ನಿಂತರೆ ಫೋನಿನಲ್ಲಿ ಎರಡೇ ಕಡ್ಡಿ, ಆದರೂ ವಿಡಿಯೊ ಕಾಲ್ ಸಲೀಸಾಗಿ ಹೋಗುತ್ತದೆ. ಅದೇ ಸಿಮ್ಮನ್ನು ಡ್ರೋನಿನ 4ಜಿ ಮೋಡೆಮ್‌ಗೆ ಹಾಕಿ 80 ಮೀಟರ್ ಏರಿಸಿದರೆ ಕಡ್ಡಿ ಪೂರ್ತಿ ತೋರಿಸುತ್ತದೆ, ಸಂಪರ್ಕ ಮಾತ್ರ ಮೂರು ನಾಲ್ಕು ನಿಮಿಷಕ್ಕೊಮ್ಮೆ ಕಡಿಯುತ್ತದೆ. ಮೋಡೆಮ್ ಬದಲಿಸಿದ್ದೂ ಆಯಿತು, ಆಂಟೆನಾ ದೊಡ್ಡದು ಹಾಕಿದ್ದೂ ಆಯಿತು. ದೊಡ್ಡ ಆಂಟೆನಾ ಹಾಕಿದ ಮೇಲೆ ಇನ್ನೂ ಹಾಳಾಯಿತು. ಯಾಕೆ? — ಪಾಂಡವಪುರ

ಉತ್ತರ: ನಿಮ್ಮ ಮೋಡೆಮ್ ಸರಿಯಾಗಿಯೇ ಇದೆ. ನೆಲದಲ್ಲಿ ಸಿಗ್ನಲ್ ಸಾಲದೆ ತೊಂದರೆಯಾದರೆ, ಮೇಲೆ ಸಿಗ್ನಲ್ ಹೆಚ್ಚಾಗಿ ತೊಂದರೆಯಾಗುತ್ತದೆ.

ಟವರಿನ ಆಂಟೆನಾಗಳನ್ನು ನೆಲದ ಮೇಲಿನ ಜನಕ್ಕಾಗಿ ಕೆಲವು ಡಿಗ್ರಿ ಕೆಳಕ್ಕೆ ಬಾಗಿಸಿ ಕಟ್ಟಿರುತ್ತಾರೆ. ಅದರ ಮುಖ್ಯ ಕಿರಣ ಮೇಲಿಂದ ಕೆಳಕ್ಕೆ ಅಳೆದರೆ ಹತ್ತು ಡಿಗ್ರಿಯೂ ಇರುವುದಿಲ್ಲ. ಹಳ್ಳಿ ಕಡೆಯ ಟವರ್ 30-40 ಮೀಟರ್ ಎತ್ತರ. 80 ಮೀಟರಿನಲ್ಲಿರುವ ಡ್ರೋನ್ ಆ ಕಿರಣದ ಮೇಲೆ ತೇಲುತ್ತಿದ್ದು, ಅದಕ್ಕೆ ಸಿಗುವುದು ಆಂಟೆನಾದ ಪಕ್ಕಕ್ಕೆ ಸೋರುವ ಚಿಲ್ಲರೆ ಕಿರಣಗಳು. ಈ ಕಿರಣಗಳ ನಡುನಡುವೆ ಕುಳಿಗಳಿರುತ್ತವೆ. ಡ್ರೋನ್ ಸ್ವಲ್ಪ ಸರಿದರೂ ಸಿಗ್ನಲ್ ಹತ್ತಿಪ್ಪತ್ತು ಡೆಸಿಬೆಲ್ (ಡಿಬಿ) ಬಿದ್ದುಹೋಗುವುದು ಇದರಿಂದಲೇ.

ಅದೇ ಹೊತ್ತಿಗೆ ಅಷ್ಟು ಎತ್ತರದಲ್ಲಿ ಮರ, ಮನೆ, ಕಬ್ಬು ಯಾವುದರ ಅಡ್ಡಿಯೂ ಇಲ್ಲ. ಐದಾರು ಕಿಲೋಮೀಟರ್ ಆಚೆಯ ಟವರುಗಳೂ ಕಣ್ಣಿಗೆ ನೇರ. ಶ್ರೀರಂಗಪಟ್ಟಣದ ಕಡೆಯದು, ಚಿನಕುರಳಿ ಕಡೆಯದು, ನಿಮ್ಮೂರಿನದು ಎಲ್ಲವೂ ಒಂದೇ ತರಂಗಾಂತರದಲ್ಲಿ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಬಂದು ಬೀಳುತ್ತವೆ. ಸಂತೆಯಲ್ಲಿ ಎಲ್ಲರ ಕೂಗೂ ಕಿವಿಗೆ ಬೀಳುತ್ತದೆ, ಯಾರ ದರವೂ ಸರಿಯಾಗಿ ಕೇಳುವುದಿಲ್ಲ. ಕಡ್ಡಿ ಎಣಿಸುವುದು ಕೂಗಿನ ಜೋರನ್ನು ಮಾತ್ರ. ನೀವು ಹೆಚ್ಚು ಗೇನ್ (ಸಿಗ್ನಲ್ ಹಿಗ್ಗಿಸುವ ಶಕ್ತಿ) ಇರುವ ಆಂಟೆನಾ ಹಾಕಿದಾಗ ದೂರದ ಗದ್ದಲವೂ ಜೋರಾಯಿತು. 2 ಡಿಬಿಐ ಆಸುಪಾಸಿನ ಸಾದಾ ಆಂಟೆನಾಕ್ಕೇ ವಾಪಸ್ ಹೋಗಿ.

ಕಡಿಯುವ ಆ ಕ್ಷಣದಲ್ಲಿ ಏನಾಗುತ್ತದೆ ಎಂಬುದೂ ತಿಳಿದಿರಬೇಕು. ಪ್ರತಿ ಟವರಿಗೂ ತನ್ನ ನೆರೆಯ ಟವರುಗಳ ಪಟ್ಟಿ ಇರುತ್ತದೆ, ಅದು ನೆಲದ ಓಡಾಟ ನೋಡಿ ಆದ ಪಟ್ಟಿ. ಡ್ರೋನ್ ಮೇಲಿಂದ ‘ನನಗೆ ಇಂಥದ್ದು ಜೋರಾಗಿ ಕೇಳುತ್ತಿದೆ’ ಎಂದು ಎಂಟು ಕಿಲೋಮೀಟರ್ ಆಚೆಯ ಟವರನ್ನು ಹೆಸರಿಸಿದರೆ, ಅದು ಪಟ್ಟಿಯಲ್ಲೇ ಇಲ್ಲದೆ ಕೈಬದಲಾವಣೆ (ಸಂಪರ್ಕವನ್ನು ಇನ್ನೊಂದು ಟವರಿಗೆ ದಾಟಿಸುವುದು) ನಡೆಯುವುದಿಲ್ಲ. ಜತೆಗೆ 4ಜಿಯಲ್ಲಿ ಸೆಲ್‌ಗಳಿಗೆ (ಟವರಿನ ಒಂದೊಂದು ಆಂಟೆನಾದ ವ್ಯಾಪ್ತಿಗೆ) ಇರುವ ಗುರುತಿನ ಸಂಖ್ಯೆಗಳು ಒಟ್ಟು 504. ದೂರ ದೂರದ ಸೆಲ್‌ಗಳಿಗೆ ಒಂದೇ ಸಂಖ್ಯೆ ಮತ್ತೆ ಕೊಟ್ಟಿರುತ್ತಾರೆ. ನೆಲದಲ್ಲಿ ಅವೆರಡೂ ಒಟ್ಟಿಗೆ ಕೇಳಿಸುವುದಿಲ್ಲ, ಮೇಲೆ ಕೇಳಿಸಬಹುದು. ಆಗ ಟವರಿಗೇ ಗೊಂದಲ. ಕೊಂಡಿ ಕಳಚಿದರೆ ಮೋಡೆಮ್ ಮರುಜೋಡಣೆಗೆ ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅದೂ ವಿಫಲವಾದರೆ ಮೊದಲಿಂದ ನೆಟ್‌ವರ್ಕ್ ಹುಡುಕುತ್ತದೆ.

ಆದ್ದರಿಂದ ಕಡ್ಡಿ ನೋಡುವುದು ಬಿಡಿ. ಮೋಡೆಮ್‌ನಿಂದ ನಾಲ್ಕು ಸಂಗತಿಯನ್ನು ಸೆಕೆಂಡಿಗೊಮ್ಮೆ ಬರೆದುಕೊಳ್ಳಿ: ಸಿಗ್ನಲ್ ಬಲ (ಆರ್‌ಎಸ್‌ಆರ್‌ಪಿ), ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅಂತರ (ಎಸ್‌ಐಎನ್‌ಆರ್), ಸೆಲ್‌ನ ಗುರುತು, ಬ್ಯಾಂಡ್ (ಬಳಸುತ್ತಿರುವ ತರಂಗಾಂತರದ ಪಟ್ಟಿ). ಕ್ವೆಕ್ಟೆಲ್, ಸಿಮ್‌ಕಾಮ್ ಮೋಡೆಮ್‌ಗಳು ಇವನ್ನು ಎಟಿ ಆದೇಶಕ್ಕೆ (ಮೋಡೆಮ್‌ಗೆ ಟೈಪ್ ಮಾಡಿ ಕಳಿಸುವ ಆದೇಶ) ಉತ್ತರವಾಗಿ ಕೊಡುತ್ತವೆ. ಜತೆಗೆ ಸೆಕೆಂಡಿಗೆ ಐದು ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ). 10, 20, 40, 60, 80 ಮೀಟರಿನಲ್ಲಿ ತಲಾ ಎರಡು ನಿಮಿಷ ನಿಲ್ಲಿಸಿ. ಹೊಲದ ನಡುವೆ ಒಮ್ಮೆ, ನಾಲ್ಕು ಮೂಲೆಯಲ್ಲೂ ಒಮ್ಮೊಮ್ಮೆ. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಜನ ಫೋನ್ ಹಿಡಿದು ಕೂರುವ ಹೊತ್ತಿಗೆ, ಕತ್ತಲಾಗುವ ಮುಂಚೆ, ಇನ್ನೊಮ್ಮೆ ಮಾಡಿ.

ಓದುವುದು ಹೀಗೆ. ಬಲ ಮೈನಸ್ 80 ಡಿಬಿಎಂ, ಎಸ್‌ಐಎನ್‌ಆರ್ ಸೊನ್ನೆ ಅಥವಾ ಅದಕ್ಕೂ ಕೆಳಗೆ ಎಂದರೆ ಗದ್ದಲ, ಎತ್ತರ ಇಳಿಸಬೇಕು. ಬಲ ಮೈನಸ್ 115, ಎಸ್‌ಐಎನ್‌ಆರ್ 8 ಎಂದರೆ ಟವರ್ ದೂರ, ಬೇರೆ ಕಂಪನಿಯ ಸಿಮ್ ನೋಡಬೇಕು. ಎರಡು ನಿಮಿಷದಲ್ಲಿ ಸೆಲ್ ಗುರುತು ಎರಡರ ನಡುವೆ ಹತ್ತಾರು ಸಲ ಅತ್ತಿತ್ತ ಹೋದರೆ ಆ ಎತ್ತರ ನಿಮಗಲ್ಲ. 80 ಬಿಟ್ಟು 40 ಮೀಟರಿಗೆ ಇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುವುದುಂಟು. ಇದು ಬಿಟ್ಟಿ ಔಷಧ, ಮೊದಲು ಇದನ್ನೇ ಮಾಡಿ.

ಆಮೇಲೆ ಬ್ಯಾಂಡ್ ಕಟ್ಟಿಹಾಕುವುದು. ಮೋಡೆಮ್‌ಗೆ ಎಲ್ಲ ಬ್ಯಾಂಡ್ ಬಿಟ್ಟುಕೊಟ್ಟರೆ 850, 1800, 2300 ಮೆಗಾಹರ್ಟ್ಸ್ ನಡುವೆ ಅಲೆಯುತ್ತದೆ. ಕೆಳ ಬ್ಯಾಂಡು ದೂರ ಹೋಗುತ್ತದೆ, ಹಾಗಾಗಿ ಮೇಲೆ ಅದರಲ್ಲೇ ಗದ್ದಲ ಜಾಸ್ತಿ. 2300ರ ಬ್ಯಾಂಡ್ 40ರಲ್ಲಿ ಏರುದಾರಿಗೂ (ಮೋಡೆಮ್‌ನಿಂದ ಟವರಿಗೆ) ಇಳಿದಾರಿಗೂ (ಟವರಿನಿಂದ ಮೋಡೆಮ್‌ಗೆ) ಒಂದೇ ತರಂಗಾಂತರವನ್ನು ಸಮಯ ಹಂಚಿ ಕೊಡುತ್ತಾರೆ, ದೊಡ್ಡ ಪಾಲು ಇಳಿದಾರಿಗೆ. ಡ್ರೋನಿಗೆ ಬೇಕಾದದ್ದು ಏರುದಾರಿ. ಹಾಗಾಗಿ 1800ರ ಬ್ಯಾಂಡ್ 3 ಒಂದಕ್ಕೇ ಕಟ್ಟಿ ಮೊದಲು ಪರೀಕ್ಷಿಸಿ. ಆದರೆ ಒಂದೇ ಸೆಲ್‌ಗೆ ಕಟ್ಟಿಹಾಕುವ ಆಯ್ಕೆ ಕೆಲವು ಮೋಡೆಮ್‌ನಲ್ಲಿದೆ, ಅದರ ತಂಟೆಗೆ ಹೋಗಬೇಡಿ. ಆ ಸೆಲ್ ಕೈಕೊಟ್ಟರೆ ಹೋಗಲು ಇನ್ನೊಂದು ಜಾಗವೇ ಇರುವುದಿಲ್ಲ.

ಪ್ರಶ್ನೆ: 5ಜಿ ಮೋಡೆಮ್ ಹಾಕಿದರೆ ಇದೆಲ್ಲ ಸರಿಹೋಗುತ್ತದಾ? ಡ್ರೋನಿಗೆಂದೇ ಬೇರೆ ಸಿಮ್ ಬರುತ್ತದೆ ಅಂತಾರೆ. — ಮಂಡ್ಯ

ಉತ್ತರ: ಸದ್ಯಕ್ಕೆ 4ಜಿಗೆ ಮಾತ್ರ ಕಟ್ಟಿ ಹಾರಿಸುವುದೇ ಲೇಸು. 4ಜಿಯ ಹೆಗಲ ಮೇಲೆ ಕೂತಿರುವ 5ಜಿಯಲ್ಲಿ ಎರಡೂ ಕೊಂಡಿ ಒಟ್ಟಿಗೆ ನಿಲ್ಲಬೇಕು. ಕೆಳಗಿನದು ಕಳಚಿದರೆ ಮೇಲಿನದೂ ಹೋಗುತ್ತದೆ. ಸ್ವತಂತ್ರ 5ಜಿಯಲ್ಲಿ ಆ ರಗಳೆ ಇಲ್ಲ, ಆದರೆ ಅಲ್ಲೂ ಕಿರಣಗಳನ್ನು ನೆಲದ ಜನಕ್ಕೆ ಗುರಿಯಿಟ್ಟೇ ಜೋಡಿಸಿರುತ್ತಾರೆ.

ಸಿಮ್ ವಿಚಾರ: ಮೊಬೈಲ್ ಮಾನಕಗಳನ್ನು ಬರೆಯುವ 3ಜಿಪಿಪಿ 2018ರ ರಿಲೀಸ್ 15ರಲ್ಲೇ 4ಜಿಗೆ ಡ್ರೋನ್ ಸೌಲಭ್ಯ ಸೇರಿಸಿತು. ನಿಗದಿತ ಎತ್ತರ ದಾಟಿದಾಗ ಸಾಧನವೇ ವರದಿ ಕೊಡುವುದು, ಹಾರುವ ದಾರಿಯನ್ನು ಮೊದಲೇ ತಿಳಿಸುವುದು, ಈ ಚಂದಾ ಹಾರುವ ಸಾಧನದ್ದು ಎಂದು ಗುರುತಿಸುವುದು, ಹೀಗೆ. ರಿಲೀಸ್ 18ರಲ್ಲಿ 5ಜಿಗೂ ಬಂತು. ಆದರೆ ಇವು ಕೆಲಸ ಮಾಡಬೇಕಾದರೆ ಟವರ್, ಮೋಡೆಮ್, ಚಂದಾ ಮೂರರಲ್ಲೂ ಚಾಲೂ ಇರಬೇಕು. ಅಂಗಡಿಯಲ್ಲಿ ಕೊಂಡ ಸಾದಾ ಸಿಮ್ಮನ್ನು ಟವರ್ ಫೋನ್ ಎಂದೇ ತಿಳಿಯುತ್ತದೆ. 13 ಅಂಕಿಯ ಎಂ2ಎಂ ಸಿಮ್ ಯಂತ್ರಗಳಿಗೆಂದು ಕೊಡುವುದು ಹೌದು, ಹಾರಾಟಕ್ಕೆಂದೇ ಮಾಡಿದ್ದಲ್ಲ.

ಪ್ರಶ್ನೆ: ಭತ್ತದ ಗದ್ದೆಗೆ ಔಷಧಿ ಹೊಡೆಯುವ ಡ್ರೋನಿಗೆ ಆರ್ಡುಪೈಲಟ್ (ಡ್ರೋನ್ ಹಾರಿಸುವ ತಂತ್ರಾಂಶ), ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), 4ಜಿ ಮೋಡೆಮ್ ಜೋಡಿಸಿದ್ದೇವೆ. ಸಂಪರ್ಕ ಕಡಿದರೆ ತಾನೇ ವಾಪಸ್ ಬರಬೇಕೆಂದು ಹೊಂದಿಸಿದ್ದೂ ಆಗಿದೆ. ಮೊನ್ನೆ ಲ್ಯಾಪ್‌ಟಾಪ್‌ನಲ್ಲಿ ಸಂಪರ್ಕ ಪೂರ್ತಿ ಹೋಗಿತ್ತು, ಡ್ರೋನ್ ಮಾತ್ರ ವಾಪಸ್ ಬಾರದೆ ನಿಂತಲ್ಲೇ ನಿಂತಿತ್ತು. ರಿಮೋಟ್ ಇದ್ದಿದ್ದಕ್ಕೆ ಉಳಿಯಿತು. — ಮದ್ದೂರು

ಉತ್ತರ: ಪೈ ಮೇಲೆ ಮ್ಯಾವ್‌ಪ್ರಾಕ್ಸಿ (ಡ್ರೋನಿಗೂ ಲ್ಯಾಪ್‌ಟಾಪಿಗೂ ನಡುವೆ ಸಂದೇಶ ಸಾಗಿಸುವ ತಂತ್ರಾಂಶ) ಓಡಿಸುತ್ತಿದ್ದೀರಾ ನೋಡಿ. ಹೌದಾದರೆ ಕಳ್ಳ ಅದೇ. ಆರ್ಡುಪೈಲಟ್ ಕಾಯುವುದು ನೆಲದ ನಿಲ್ದಾಣದಿಂದ, ಅಂದರೆ ನಿಮ್ಮ ಲ್ಯಾಪ್‌ಟಾಪಿನ ತಂತ್ರಾಂಶದಿಂದ, ಬರುವ ಹೃದಯಬಡಿತದ ಸಂದೇಶಕ್ಕೆ, ಅದರ ಗುರುತು ಸಂಖ್ಯೆ ಸಾಮಾನ್ಯವಾಗಿ 255. ಮ್ಯಾವ್‌ಪ್ರಾಕ್ಸಿ ತಾನೂ ಒಂದು ನೆಲದ ನಿಲ್ದಾಣವೇ ಆದ್ದರಿಂದ, ಡ್ರೋನಿನ ಹೊಟ್ಟೆಯೊಳಗೆ ಕೂತು ಅದೇ 255ರ ಹೆಸರಿನಲ್ಲಿ ಬಡಿತ ಕಳಿಸುತ್ತಿರುತ್ತದೆ. ಮೋಡೆಮ್ ಸತ್ತರೂ ಫ್ಲೈಟ್ ಕಂಟ್ರೋಲರ್‌ಗೆ ‘ಯಜಮಾನರು ಇದ್ದಾರೆ’ ಎಂದೇ ತೋರುತ್ತದೆ. ಅದರ ಬದಲು ಮ್ಯಾವ್‌ಲಿಂಕ್-ರೂಟರ್ ಹಾಕಿ. ಅದು ಬಂದದ್ದನ್ನು ದಾಟಿಸುತ್ತದೆಯೇ ಹೊರತು ತಾನಾಗಿ ಬಡಿತ ಹುಟ್ಟಿಸುವುದಿಲ್ಲ. ಮ್ಯಾವ್‌ಪ್ರಾಕ್ಸಿಯೇ ಬೇಕೆಂದಾದರೆ ಅದರ ಗುರುತು ಸಂಖ್ಯೆಯನ್ನು 255 ಬಿಟ್ಟು ಬೇರೆ ಮಾಡಿ.

ನೆಲದ ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಹೇಳುವ ಆರ್ಡುಪೈಲಟ್ ಸೆಟ್ಟಿಂಗ್ ಎಫ್‌ಎಸ್_ಜಿಸಿಎಸ್_ಎನೇಬಲ್ ಮೂಲದಲ್ಲಿ ಸೊನ್ನೆ, ಅಂದರೆ ಬಂದ್. 1 ಮಾಡಿದರೆ ಮನೆಗೆ ವಾಪಸ್. ಎಷ್ಟು ಹೊತ್ತು ಕಾಯಬೇಕೆನ್ನುವ ಎಫ್‌ಎಸ್_ಜಿಸಿಎಸ್_ಟೈಮ್‌ಔಟ್ ಮೂಲದಲ್ಲಿ 5 ಸೆಕೆಂಡ್, ಅದನ್ನು ಹಾಗೇ ಬಿಡಿ. 2ಕ್ಕೆ ಇಳಿಸಿದರೆ ಟವರ್ ಬದಲಾವಣೆ ಸ್ವಲ್ಪ ಎಡವಿದರೂ ಡ್ರೋನ್ ಮನೆ ದಾರಿ ಹಿಡಿಯುತ್ತದೆ.

ಇನ್ನೊಂದು ಅಪಾಯ ನೀವು ಕೇಳಿಲ್ಲ, ಆದರೆ ಮಂಡ್ಯ ಸೀಮೆಯಲ್ಲಿ ಇದನ್ನು ಹೇಳದೆ ಬಿಡುವಂತಿಲ್ಲ. ವಾಪಸಾತಿಯ ಎತ್ತರ, ಆರ್‌ಟಿಎಲ್_ಆಲ್ಟ್, ಆರ್ಡುಪೈಲಟ್‌ನ ಕಾಪ್ಟರ್ 4 ಸರಣಿಯ ಬಹುಪಾಲು ಆವೃತ್ತಿಗಳಲ್ಲಿ ಮೂಲದಲ್ಲಿ 1500 ಸೆಂಟಿಮೀಟರ್. ಅಂದರೆ 15 ಮೀಟರ್. ಔಷಧಿ ಹೊಡೆಯುವ ಡ್ರೋನ್ ಪೈರಿನ ಮೇಲೆ ಎರಡು ಮೂರು ಮೀಟರಿನಲ್ಲಿ ಇರುತ್ತದೆ. ಸಂಪರ್ಕ ಕಡಿದರೆ 15 ಮೀಟರಿಗೆ ಏರಿ ನೇರವಾಗಿ ಮನೆ ಕಡೆ ಹೊರಡುತ್ತದೆ. ನಡುವೆ ಬದುವಿನ ಹಳೇ ತೆಂಗು 20 ಮೀಟರ್ ದಾಟಿ ನಿಂತಿರುತ್ತದೆ, ಗರಿ ಇರುವುದೇ ಆ ಎತ್ತರದಲ್ಲಿ. 35 ಮೀಟರಿಗೆ, ಅಂದರೆ 3500ಕ್ಕೆ ಏರಿಸಿ. ಏರುವಾಗ ನಿಂತ ಜಾಗದಲ್ಲೇ ನೆಟ್ಟಗೆ ಏರುತ್ತದೆ. ಹಾಗಾಗಿ ಸಾಲುಗಳನ್ನು ಗುರುತಿಸುವಾಗ ಗರಿಯ ನೆರಳಿನಿಂದ ಕನಿಷ್ಠ ಐದು ಮೀಟರ್ ದೂರದಲ್ಲೇ ನಿಲ್ಲಿಸಿ. ಆರ್ಡುಪೈಲಟ್ ಬದಲು ಪಿಎಕ್ಸ್4 ತಂತ್ರಾಂಶ ಬಳಸುವವರಿಗೆ ಈ ಎತ್ತರ ಮೂಲದಲ್ಲೇ 60 ಮೀಟರ್, ಆದರೆ ನೆಲದ ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಅವರೂ ಎನ್‌ಎವಿ_ಡಿಎಲ್‌ಎಲ್_ಆ್ಯಕ್ಟ್‌ನಲ್ಲಿ ಹೇಳಬೇಕು.

ಪರೀಕ್ಷೆ ಮಾಡುವಾಗ ರೆಕ್ಕೆ (ಪ್ರೊಪೆಲ್ಲರ್) ಬಿಚ್ಚಿಟ್ಟು ಮೋಟಾರ್ ಆರ್ಮ್ ಮಾಡಿ, ಅಂದರೆ ತಿರುಗಲು ಸಜ್ಜುಗೊಳಿಸಿ. ಆರ್ಮ್ ಮಾಡದಿದ್ದರೆ ಈ ರಕ್ಷಣೆ (ಫೇಲ್‌ಸೇಫ್) ಏನೂ ಮಾಡುವುದಿಲ್ಲ, ‘ಕೆಲಸ ಮಾಡ್ತಿಲ್ಲ’ ಎಂದು ತಪ್ಪು ತಿಳಿಯುತ್ತೀರಿ. ಮೊದಲು ಲ್ಯಾಪ್‌ಟಾಪಿನ ಇಂಟರ್ನೆಟ್ ಕಡಿಯಿರಿ. ಆಮೇಲೆ ಬೇರೆಯಾಗಿ ಮೋಡೆಮ್ ಕೀಳಿ. ಕೊನೆಗೆ ಪೈನಲ್ಲಿ ರೂಟರ್ ನಿಲ್ಲಿಸಿ. ಮೂರರಲ್ಲೂ ಐದಾರು ಸೆಕೆಂಡಿನಲ್ಲಿ ಫೇಲ್‌ಸೇಫ್ ಸಂದೇಶ ದಾಖಲಾಗಬೇಕು, ನೆಲದ ಮೇಲಿರುವುದರಿಂದ ಮೋಟಾರ್ ತಾನೇ ಡಿಸ್‌ಆರ್ಮ್ ಆಗಬೇಕು. ಒಂದರಲ್ಲಿ ಆಗದಿದ್ದರೂ ಹಾರಿಸಬೇಡಿ.

ರಿಮೋಟನ್ನು ಕೈಲಿಟ್ಟುಕೊಂಡಿದ್ದು ಬುದ್ಧಿವಂತಿಕೆ. 4ಜಿ ಮೂಲಕ ಜಾಯ್‌ಸ್ಟಿಕ್ ತಿರುಗಿಸಿ ಓಡಿಸುವ ಆಸೆ ಬೇಡ, ಅದರ ಕೆಲಸ ಆದೇಶ ಕೊಡುವುದು, ಮಾಹಿತಿ ನೋಡುವುದು ಅಷ್ಟೇ. ನಿಮ್ಮ ರಿಮೋಟ್ 865 ಮೆಗಾಹರ್ಟ್ಸ್‌ನದ್ದಾಗಿದ್ದರೆ ಒಂದು ಎಚ್ಚರಿಕೆ: 4ಜಿಯ ಬ್ಯಾಂಡ್ 5ರ ಇಳಿದಾರಿ 869ರಿಂದ ಶುರು, ಇದರ ಪಕ್ಕದ ಮನೆ. ಡ್ರೋನಿನಲ್ಲಿರುವ ರಿಮೋಟಿನ ರಿಸೀವರ್ ಮರುಮಾಹಿತಿ ಕಳಿಸುವಾಗಲೆಲ್ಲ ಮೋಡೆಮ್ ಕಿವಿ ಮುಚ್ಚಿಹೋಗುತ್ತದೆ. ಎರಡರ ಆಂಟೆನಾ ಡ್ರೋನಿನ ಎರಡು ತುದಿಗೆ ಹಾಕಿ, ಇಲ್ಲವೇ ಮೋಡೆಮ್‌ನಲ್ಲಿ ಬ್ಯಾಂಡ್ 5 ತೆಗೆದುಬಿಡಿ.

ಪ್ರಶ್ನೆ: ಹಾರಾಟದ ನಡುವೆ ಮೋಡೆಮ್ ಪೂರ್ತಿ ಆಫ್ ಆಗಿ ಅರ್ಧ ನಿಮಿಷದ ಮೇಲೆ ಆನ್ ಆಗುತ್ತದೆ. ನೆಟ್‌ವರ್ಕ್ ತೊಂದರೆಯೇ? — ಕೆ.ಆರ್. ಪೇಟೆ

ಉತ್ತರ: ಅಲ್ಲ, ಕರೆಂಟಿನದು. ಟವರ್ ದೂರವಾದಂತೆ ಮೋಡೆಮ್ ಜೋರಾಗಿ ಕೂಗುತ್ತದೆ, ಆ ಕ್ಷಣಕ್ಕೆ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಪೈನ ಯುಎಸ್‌ಬಿಯಿಂದಲೇ ಊಟ ಹಾಕಿದ್ದರೆ ವೋಲ್ಟೇಜ್ ಕುಸಿದು ಮೋಡೆಮ್ ಮಲಗುತ್ತದೆ. ಪೈನ ದಾಖಲೆಯಲ್ಲಿ ಯುಎಸ್‌ಬಿ ಕಳಚಿದ ಸಾಲು ಆ ಸಮಯಕ್ಕೆ ಇದ್ದರೆ ಇನ್ನು ಅನುಮಾನವೇ ಬೇಡ. ಮೋಡೆಮ್‌ಗೆಂದೇ 5 ವೋಲ್ಟ್ 3 ಆಂಪಿಯರ್‌ನ ಬೇರೆ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್), ಗಿಡ್ಡ ದಪ್ಪ ವೈರು, ಮೋಡೆಮ್‌ನ ಹತ್ತಿರವೇ 1000 ಮೈಕ್ರೊಫ್ಯಾರಡ್‌ನ ಕಡಿಮೆ ಇಎಸ್‌ಆರ್ (ಒಳರೋಧ) ಇರುವ ಕೆಪಾಸಿಟರ್ ಹಾಕಿ. ಪೈ 4 ಆದರೆ ನೀಲಿ ಯುಎಸ್‌ಬಿ 3 ತೂತಿಗೆ ಚುಚ್ಚಬೇಡಿ. ಅದರ ಗದ್ದಲ ಜಿಪಿಎಸ್‌ಗೂ 2.4 ಗಿಗಾಹರ್ಟ್ಸ್ ರಿಮೋಟಿಗೂ ತಟ್ಟುತ್ತದೆ. ಕಪ್ಪು ಯುಎಸ್‌ಬಿ 2 ಸಾಕು. ಮೋಡೆಮ್‌ನ ಆಂಟೆನಾ ಎರಡನ್ನೂ ಜೋಡಿಸಿ, ಒಂದು ನೆಟ್ಟಗೆ, ಇನ್ನೊಂದು ಅಡ್ಡ. ಕಾರ್ಬನ್ ಫೈಬರ್ ತಟ್ಟೆಯ ಹಿಂದೆ ಬಚ್ಚಿಟ್ಟರೆ ಹಾಕಿಯೂ ಹಾಕದಂತೆ. ಜಿಪಿಎಸ್‌ನಿಂದ ಒಂದು ಗೇಣಾದರೂ ದೂರವಿರಲಿ.

ಪ್ರಶ್ನೆ: ಮನೆಯಲ್ಲಿ ಕೂತ ಲ್ಯಾಪ್‌ಟಾಪ್‌ನಿಂದ ಡ್ರೋನಿನ ಐಪಿ ವಿಳಾಸಕ್ಕೆ ಸಂಪರ್ಕವೇ ಆಗುವುದಿಲ್ಲ. ವೈಫೈನಲ್ಲಿ ಆಗುತ್ತದೆ. — ಮೈಸೂರು, ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಸಿಮ್‌ಗೆ ಸಿಗುವ ಐಪಿವಿ4 ವಿಳಾಸ ಕಂಪನಿಯ ಒಳಮನೆಯದು. ಸಾವಿರಾರು ಜನ ಒಂದೇ ಹೊರವಿಳಾಸ ಹಂಚಿಕೊಂಡಿರುತ್ತಾರೆ, ಹೊರಗಿಂದ ಬಾಗಿಲು ತಟ್ಟಲು ಆಗುವುದಿಲ್ಲ. ಎರಡೂ ಕಡೆಯಿಂದ ನಡುವಿನ ಒಂದು ಸರ್ವರಿಗೆ ಕರೆ ಮಾಡಬೇಕು. ಮುಂಬೈನಲ್ಲಿ ಒಂದು ಸಣ್ಣ ಬಾಡಿಗೆ ಸರ್ವರ್, ಅದರ ಮೇಲೆ ವೈರ್‌ಗಾರ್ಡ್ (ಎರಡೂ ಕಡೆ ಬೆಸೆಯುವ ಖಾಸಗಿ ಸುರಂಗ, ವಿಪಿಎನ್). ಅಮೆರಿಕದ ಸರ್ವರ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಹೋಗಿಬರುವುದಕ್ಕೇ 200 ಮಿಲಿಸೆಕೆಂಡಿಗೂ ಹೆಚ್ಚು ಸೇರುತ್ತದೆ. ಡ್ರೋನಿನ ಕಡೆ ಕೀಪ್‌ಅಲೈವ್ (ಕೊಂಡಿ ತೆರೆದಿಡುವ ಪುಟ್ಟ ಸಂದೇಶ) 25 ಸೆಕೆಂಡ್, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280 ಇಡಿ. ಎಂಟಿಯು ಹಾಗೇ ಬಿಟ್ಟರೆ ಸಣ್ಣ ಸಂದೇಶ ಹೋಗಿ ದೊಡ್ಡದು ಮಾಯವಾಗುವ ವಿಚಿತ್ರ ಕಾಯಿಲೆ ಬರುತ್ತದೆ: ಬಡಿತ ಕಾಣುತ್ತದೆ, ವಿಡಿಯೊ ಬರುವುದೇ ಇಲ್ಲ. ಮೋಡೆಮ್ ಮರುಜೋಡಣೆಯಾಗಿ ಐಪಿ ಬದಲಾದರೂ ವೈರ್‌ಗಾರ್ಡ್ ಕೊಂಡಿ ಉಳಿಯುತ್ತದೆ, ಮುಂದಿನ ಪ್ಯಾಕೆಟ್‌ನಿಂದಲೇ ಹೊಸ ವಿಳಾಸ ಕಲಿಯುತ್ತದೆ. ಅದರೊಳಗೆ ಮ್ಯಾವ್‌ಲಿಂಕನ್ನು (ಡ್ರೋನಿನ ಸಂದೇಶಗಳ ಭಾಷೆ) ಯುಡಿಪಿಯಲ್ಲೇ ಕಳಿಸಿ.

ಮ್ಯಾವ್‌ಲಿಂಕ್ ಬರುವ, ಸರ್ವರಿನ 14550 ಪೋರ್ಟನ್ನು ಊರಿಗೆಲ್ಲ ತೆರೆದಿಡಬೇಡಿ. ಸಹಿ ಚಾಲೂ ಮಾಡದ ಮ್ಯಾವ್‌ಲಿಂಕ್ ಯಾರು ಆದೇಶ ಕೊಟ್ಟರೂ ಕೇಳುತ್ತದೆ.

ಪ್ರಶ್ನೆ: ವಿಡಿಯೊ ಹಾಕಿದ ಕೂಡಲೇ ಬ್ಯಾಟರಿ, ಎತ್ತರದ ಮಾಹಿತಿ ಎಲ್ಲ ಐದಾರು ಸೆಕೆಂಡ್ ಹಿಂದೆ ಬೀಳುತ್ತದೆ. — ನಾಗಮಂಗಲ

ಉತ್ತರ: ವಿಡಿಯೊ ಏರುದಾರಿಗಿಂತ ದಪ್ಪವಾಗಿದೆ. ಮಿಕ್ಕಿದ್ದು ಮೋಡೆಮ್‌ನೊಳಗೆ ಸಾಲುಗಟ್ಟುತ್ತದೆ, ಬಡಪಾಯಿ ಟೆಲಿಮೆಟ್ರಿ ಆ ಸಾಲಿನ ಬಾಲದಲ್ಲಿ ನಿಂತಿರುತ್ತದೆ. ಹಾರುವ ಎತ್ತರದಲ್ಲಿ ಅಳೆದ ಏರುದಾರಿ ವೇಗಗಳಲ್ಲಿ ಅತಿ ಕಡಿಮೆಯದನ್ನು ಹಿಡಿದು, ಅದರ ಅರ್ಧಕ್ಕೆ ವಿಡಿಯೊ ಕಟ್ಟಿ. 3 ಎಂಬಿಪಿಎಸ್ ಸಿಕ್ಕರೆ 1.5ಕ್ಕೆ. 720ಪಿ, 25 ಫ್ರೇಮ್, ಬಿ-ಫ್ರೇಮ್ ಬೇಡ, ಸೆಕೆಂಡಿಗೊಂದು ಕೀಫ್ರೇಮ್ (ಪೂರ್ತಿ ಚಿತ್ರ). ಕೀಫ್ರೇಮ್ ಹತ್ತು ಸೆಕೆಂಡಿಗೊಂದಾದರೆ ಒಮ್ಮೆ ಕಡಿದ ಚಿತ್ರ ಸರಿಹೋಗಲು ಅಷ್ಟೂ ಹೊತ್ತು ಕಾಯಬೇಕು. ಆರ್‌ಟಿಎಂಪಿ ಬಿಡಿ, ಅದು ಟಿಸಿಪಿ ಮೇಲೆ ನಡೆಯುವುದರಿಂದ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಎಸ್‌ಆರ್‌ಟಿ ಅಥವಾ ವೆಬ್‌ಆರ್‌ಟಿಸಿ ವಾಸಿ. ವಿಡಿಯೊ ನಿಜಕ್ಕೂ ಮುಖ್ಯವಾದರೆ ಅದಕ್ಕೆ ಬೇರೆ ಕಂಪನಿಯ ಸಿಮ್, ಬೇರೆ ಮೋಡೆಮ್ ಹಾಕಿಬಿಡಿ, ಗೊಡವೆ ತಪ್ಪುತ್ತದೆ.

ಲೆಕ್ಕವೂ ಇರಲಿ: 1.5 ಎಂಬಿಪಿಎಸ್ ಎಂದರೆ ಗಂಟೆಗೆ 675 ಎಂಬಿ. ದಿನಕ್ಕೆ 2 ಜಿಬಿಯ ಪ್ಯಾಕ್ ಮೂರು ಗಂಟೆಗೆ ಮುಗಿದು ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಮಾತ್ರ ಕೆಡುವ ಡ್ರೋನಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಪ್ರಶ್ನೆ: ಚಾಮುಂಡಿ ಬೆಟ್ಟದ ಹಿಂಬದಿಯ ಹೊಲಗಳಲ್ಲಿ ಸರ್ವೆ ಮಾಡುವಾಗ ಬೆಟ್ಟದ ಅಂಚು ತಿರುಗಿದ ಕೂಡಲೇ ಸಂಪರ್ಕ ಹೋಗುತ್ತದೆ. — ಮೈಸೂರು ತಾಲ್ಲೂಕು

ಉತ್ತರ: ಬೆಟ್ಟ ನಗರದ ಮಟ್ಟದಿಂದ ಸುಮಾರು 300 ಮೀಟರ್ ಎದ್ದಿದೆ, ನಿಮ್ಮ ಡ್ರೋನ್ ಅದರ ಮೇಲೆ ಇಣುಕುವ ಮಾತೇ ಇಲ್ಲ. ಅಂಚು ದಾಟಿದ ಕೆಲವೇ ಮೀಟರಿನಲ್ಲಿ ಸಿಗ್ನಲ್ ಧಡಕ್ಕನೆ ಬೀಳುತ್ತದೆ, ಟವರಿಗೆ ಕೈಬದಲಾಯಿಸಲು ಪುರುಸೊತ್ತೇ ಸಿಗುವುದಿಲ್ಲ. ಸೆಕೆಂಡಿಗೆ 15 ಮೀಟರ್ ಹೋಗುತ್ತಿದ್ದರೆ ಅಲ್ಲಿ 5ಕ್ಕೆ ಇಳಿಸಿ. ಹಾರಾಟದ ಸಾಲುಗಳನ್ನು ಸಿಗ್ನಲ್ ಸಿಗದ ನೆರಳಿನ ಗೆರೆಗೆ ಅಡ್ಡವಾಗಿ ಹಾಕಿದರೆ ಪ್ರತಿ ಸಾಲಿಗೂ ಅಂಚು ದಾಟಬೇಕು. ಉದ್ದಕ್ಕೆ ಸಮವಾಗಿ ಹಾಕಿದರೆ ಒಂದೇ ಸಲ. ಇಲ್ಲಿ ಮಾತ್ರ 850-900ರ ಕೆಳ ಬ್ಯಾಂಡು ಉಪಯೋಗಕ್ಕೆ ಬರುತ್ತದೆ, ಅಂಚಿನಲ್ಲಿ ಬಾಗಿ ಒಳಕ್ಕೆ ಬರುವುದು ಅದೇ.

ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ (ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ನಕ್ಷೆ) ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಬಿಡುವಿದೆ, ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಎಲ್ಲೆಯಿಂದ 8-12 ಕಿಲೋಮೀಟರ್ ನಡುವೆ ಅದು 60 ಮೀಟರ್‌ಗೆ ಇಳಿಯುತ್ತದೆ. ಮಂಡಕಳ್ಳಿಯ ವಿಮಾನ ನಿಲ್ದಾಣ ನಿಮಗೆ ದೂರವಲ್ಲ. ಸಿಮ್ ಇದೆ ಎಂದ ಮಾತ್ರಕ್ಕೆ ಕಣ್ಣಿಗೆ ಕಾಣದಷ್ಟು ದೂರ ಕಳಿಸುವ ಅನುಮತಿಯೂ ಸಿಕ್ಕಂತಲ್ಲ.

ಪ್ರಶ್ನೆ: ಜಮೀನು ಅಳತೆಯ ಡ್ರೋನಿಗೆ ಆರ್‌ಟಿಕೆ ತಿದ್ದುಪಡಿ (ಜಿಪಿಎಸ್ ಸ್ಥಾನವನ್ನು ಸೆಂಟಿಮೀಟರ್ ಮಟ್ಟಕ್ಕೆ ಸರಿಮಾಡುವ ಮಾಹಿತಿ) 4ಜಿಯಲ್ಲಿ ಬರುತ್ತದೆ. ಮೇಲೆ ಹೋದಾಗ ಫಿಕ್ಸ್ (ನಿಖರ ಸ್ಥಾನ) ಹೋಗಿ ಫ್ಲೋಟ್ (ಅಂದಾಜು ಸ್ಥಾನ) ಆಗುತ್ತದೆ. — ಮಳವಳ್ಳಿ

ಉತ್ತರ: ಮೋಡೆಮ್ಮನ್ನು ಕೆಳಗಿಳಿಸಿ. ತಿದ್ದುಪಡಿ ಸೆಕೆಂಡಿಗೆ ಒಂದು ಕಿಲೋಬೈಟ್ ಆಸುಪಾಸಿನ ಸಣ್ಣ ಸರಕು, ಅದು ಗಾಳಿಯಲ್ಲಿರುವ ಸಿಮ್‌ಗೇ ಬರಬೇಕೆಂದೇನಿಲ್ಲ. ನೆಲದ ಲ್ಯಾಪ್‌ಟಾಪ್ ಅಥವಾ ರಿಮೋಟನ್ನು ಫೋನ್ ಹಾಟ್‌ಸ್ಪಾಟಿಗೆ ಜೋಡಿಸಿ, ಸರ್ವೆ ಆಫ್ ಇಂಡಿಯಾದ ಕೋರ್ಸ್ (ಸ್ಥಿರ ಜಿಪಿಎಸ್ ನಿಲ್ದಾಣಗಳ ಜಾಲ, CORS) ಸೇವೆಯ ಎನ್‌ಟ್ರಿಪ್ (ತಿದ್ದುಪಡಿಯನ್ನು ಇಂಟರ್ನೆಟ್‌ನಲ್ಲಿ ಕಳಿಸುವ ಕ್ರಮ) ಲಾಗಿನ್ ಅಲ್ಲೇ ಹಾಕಿ. ನೆಲದ ಲ್ಯಾಪ್‌ಟಾಪಿನ ಮಿಷನ್ ಪ್ಲ್ಯಾನರ್ ತಂತ್ರಾಂಶದ ಜಿಪಿಎಸ್ ಇಂಜೆಕ್ಟ್ ಅದನ್ನು ಟೆಲಿಮೆಟ್ರಿ ರೇಡಿಯೊ ಮೂಲಕ ಮೇಲಕ್ಕೆ ಕಳಿಸುತ್ತದೆ. ಫೋನನ್ನು ಕಬ್ಬಿನ ಮಧ್ಯೆ ಹಿಡಿದು ನಿಲ್ಲಬೇಡಿ, ಆಳೆತ್ತರ ಮೀರಿದ ಹಸಿ ಕಬ್ಬು ಸಿಗ್ನಲ್ ನುಂಗುತ್ತದೆ. ನಾಲೆ ಏರಿ ಮೇಲೆ ನಿಲ್ಲಿ. ಜತೆಗೆ ಡ್ರೋನಿನಲ್ಲಿ ಕಚ್ಚಾ ಜಿಪಿಎಸ್ ದಾಖಲೆ ಚಾಲೂ ಇಟ್ಟಿರಿ, ನಡುವೆ ಫಿಕ್ಸ್ ಹೋದ ಚಿತ್ರಗಳನ್ನು ಮನೆಗೆ ಬಂದು ಪಿಪಿಕೆಯಲ್ಲಿ (ಹಾರಾಟ ಮುಗಿದ ಮೇಲೆ ಮಾಡುವ ತಿದ್ದುಪಡಿ) ಸರಿಮಾಡಬಹುದು.